ಮಾತು ಕೊಟ್ಟವರೊಬ್ಬರು, ಬೈಸಿಕೊಂಡವರೊಬ್ಬರು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಧರ್ಮಕೇಂದ್ರದ ಮೂರು ಕುಟುಂಬಗಳವರು ಸೇರಿ ಮುಂಬೈಯಲ್ಲಿ ಒಂದು ಮದುವೆಗೆ ಹೊರಟಿದ್ದೆವು. ರೈಲಿನಲ್ಲಾದರೆ ಇಡೀ ದಿನ ಬೇಕು, ವಿಮಾನದಲ್ಲಿ ಎರಡು ಗಂಟೆ ಸಾಕು, ಟಿಕೆಟ್ಟೂ ಅಗ್ಗಕ್ಕೆ ಸಿಕ್ಕಿದೆ ಎಂದು ಸಂತೋಷಪಟ್ಟು, ನಡುರಾತ್ರಿಯೇ ಹೊಸೂರು ಬಿಟ್ಟು, ಬೆಂಗಳೂರನ್ನು ಉದ್ದಕ್ಕೂ ದಾಟಿ ದೇವನಹಳ್ಳಿಯ ನಿಲ್ದಾಣ ತಲುಪಿದೆವು. ಅಲ್ಲಿ ನೋಡಿದರೆ ಬೋರ್ಡಿನಲ್ಲಿ ನಮ್ಮ ವಿಮಾನದ ಎದುರು ‘ರದ್ದು’ ಎಂದಿತ್ತು. ಕಾರಣ ಹೇಳುವವರಿಲ್ಲ. ಕೌಂಟರಿನಲ್ಲಿ ಒಬ್ಬಳೇ ಹುಡುಗಿ, ಅವಳ ಮುಂದೆ ನೂರಕ್ಕೂ ಹೆಚ್ಚು ಜನ.

ಆಮೇಲೆ ನಡೆದದ್ದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಎಲ್ಲರೂ ಕೂಗುತ್ತಿದ್ದರು, ನಾವೂ ಕೂಗಿದೆವು. “ನಿಮ್ಮ ಯಜಮಾನ ಟೀವಿಯಲ್ಲಿ ಅಷ್ಟು ಚೆನ್ನಾಗಿ ಮಾತಾಡ್ತಾನಲ್ಲ, ಈಗ ಎಲ್ಲಿ ಅಡಗಿದ್ದಾನೆ? ಕರೀರಿ ಅವನನ್ನ!” ಎಂದೆವು. ಆ ಹುಡುಗಿ “ಸಾರಿ ಸರ್, ಸಾರಿ ಮೇಡಂ” ಎನ್ನುತ್ತಾ ಕಂಪ್ಯೂಟರಿನ ಕೀಲಿಗಳನ್ನು ಒತ್ತುತ್ತಲೇ ಇದ್ದಳು. ಕೊನೆಗೆ ಸಂಜೆಯ ವಿಮಾನದಲ್ಲಿ ನಮಗೆ ಜಾಗ ಸಿಕ್ಕಿತು. ಮದುವೆಯ ಪೂಜೆ ತಪ್ಪಿತು, ಆರತಕ್ಷತೆಯ ಊಟ ಮುಗಿಯುವ ಹೊತ್ತಿಗೆ ತಲುಪಿದೆವು.

ಮುಂದಿನ ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಈ ಕಥೆಯನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೆವು. ನಮ್ಮವಳೇ ಒಬ್ಬ ಹುಡುಗಿ, ಅದೇ ನಿಲ್ದಾಣದಲ್ಲಿ ಬೇರೊಂದು ಸಂಸ್ಥೆಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ಒಂದೇ ಮಾತು ಕೇಳಿದಳು: “ದೊಡ್ಡಮ್ಮಾ, ಆ ಹುಡುಗಿ ಹೆಸರೇನು?” ಗೊತ್ತಿಲ್ಲ ಎಂದೆವು. “ಎದೆ ಮೇಲೆ ಬ್ಯಾಡ್ಜ್ ಇರುತ್ತಲ್ಲ, ನೋಡ್ಲಿಲ್ವಾ?”

ನೋಡಿರಲಿಲ್ಲ. ಸಂಸ್ಥೆಯ ಮುಖ್ಯಸ್ಥನ ಹೆಸರು ಮಾತ್ರ ನಮ್ಮೆಲ್ಲರ ನಾಲಗೆಯ ಮೇಲಿತ್ತು. ಅವನನ್ನು ನಾವು ಎಂದೂ ಕಂಡವರಲ್ಲ. ಮೂರು ಗಂಟೆ ಕಣ್ಣೆದುರು ನಿಂತವಳ ಹೆಸರು ಗೊತ್ತಿರಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತಿದೆ. ದೊಡ್ಡ ಸಂಸ್ಥೆಯ ಮುಖ್ಯಸ್ಥನೊಬ್ಬ ನಗುಮುಖದಿಂದ ಒಂದು ಮಾತು ಕೊಡುತ್ತಾನೆ. ಆ ಮಾತು ತಪ್ಪಿದಾಗ ಹೊಣೆ ಯಾರದು? ಟಿಕೆಟ್ ಕೊಂಡ ನಾವು ಏನನ್ನು ಕೇಳಬಹುದು, ಯಾರನ್ನು ಕೇಳಬೇಕು? ಇದು ಪಟ್ಟಣದ ಶ್ರೀಮಂತರ ಪ್ರಶ್ನೆ ಎಂದು ತಳ್ಳಿಹಾಕುವ ಹಾಗಿಲ್ಲ. 2024ರ ಜೂನ್ ತಿಂಗಳಲ್ಲಿ ತಮಿಳುನಾಡಿನ ಮುಖ್ಯಮಂತ್ರಿಗಳು ಹೊಸೂರಿನಲ್ಲಿಯೇ ವರ್ಷಕ್ಕೆ 3 ಕೋಟಿ ಪ್ರಯಾಣಿಕರು ಬಂದುಹೋಗುವಂಥ ವಿಮಾನ ನಿಲ್ದಾಣ ಕಟ್ಟುವುದಾಗಿ ಪ್ರಕಟಿಸಿದರು. ಅದು ಬಂದ ದಿನ ಟಿಕೆಟ್ ಹಿಡಿದು ನಿಲ್ಲುವವರಲ್ಲಿಯೂ, ಕೌಂಟರಿನ ಆಚೆ ನಿಲ್ಲುವವರಲ್ಲಿಯೂ ನಮ್ಮ ಮಕ್ಕಳಿರುತ್ತಾರೆ.

ಮೊದಲು, ಮುಖ್ಯಸ್ಥರ ಮುಖವೇ ಸಂಸ್ಥೆಯ ಮುಖವಾಗುವುದು ಹೇಗೆ ಎಂಬುದನ್ನು ನೋಡೋಣ. ನಮ್ಮ ಕಡೆಯವರಿಗೆಲ್ಲ ನೆನಪಿರುವ ಉದಾಹರಣೆ ಕಿಂಗ್‌ಫಿಷರ್ ಏರ್‌ಲೈನ್ಸ್. 2005ರ ಮೇ ತಿಂಗಳಲ್ಲಿ ಅದು ಹಾರಾಟ ಶುರುಮಾಡಿತು. ಅಲ್ಲಿ ‘ಪ್ರಯಾಣಿಕ’ ಎಂಬ ಮಾತೇ ಇಲ್ಲ, ಎಲ್ಲರೂ ‘ಅತಿಥಿ’ಗಳು. ಆಸನದ ಮುಂದಿನ ಪರದೆಯಲ್ಲಿ ಅಧ್ಯಕ್ಷ ವಿಜಯ್ ಮಲ್ಯ ತಾವೇ ಕಾಣಿಸಿಕೊಂಡು ಸ್ವಾಗತಿಸುತ್ತಿದ್ದರು. ತಮ್ಮ ಮನೆಗೆ ಬಂದ ಅತಿಥಿಯಂತೆ ನಿಮ್ಮನ್ನು ನೋಡಿಕೊಳ್ಳಲು ಸಿಬ್ಬಂದಿಗೆ ಹೇಳಿದ್ದೇನೆ ಎಂಬುದು ಅವರ ಮಾತಿನ ಸಾರ. ಊಟ ಚೆನ್ನಾಗಿತ್ತು, ಉಪಚಾರ ಚೆನ್ನಾಗಿತ್ತು. ಹತ್ತಿ ಇಳಿದವರೆಲ್ಲ ಹೊಗಳುತ್ತಿದ್ದರು.

2012ರಲ್ಲಿ ಆ ಸಂಸ್ಥೆ ತನ್ನ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ. ಅಕ್ಟೋಬರಿನಲ್ಲಿ ವಿಮಾನಗಳು ನಿಂತೇಹೋದವು. 2016ರ ಮಾರ್ಚಿನಲ್ಲಿ ಅಧ್ಯಕ್ಷರು ದೇಶ ಬಿಟ್ಟರು. ಬ್ಯಾಂಕುಗಳ ಸಾಲದ ವಿಷಯ ನ್ಯಾಯಾಲಯಗಳಿಗೆ ಸೇರಿದ್ದು, ಅದರ ತೀರ್ಪು ನಮ್ಮ ಕೆಲಸವಲ್ಲ. ನಾವು ಗಮನಿಸಬೇಕಾದ್ದು ಒಂದೇ. ಅತಿಥಿಸತ್ಕಾರದ ಮಾತು ಕೊಟ್ಟವರು ಒಬ್ಬರು. ಆ ಮಾತನ್ನು ನಡೆಸಿಕೊಟ್ಟವರು, ತಟ್ಟೆ ಇಟ್ಟು ತಟ್ಟೆ ಎತ್ತಿದವರು, ಸಂಬಳವಿಲ್ಲದೆ ತಿಂಗಳುಗಟ್ಟಲೆ ನಗುತ್ತಾ ನಿಂತವರು ಬೇರೆಯವರು. ಮನೆಯ ಅತಿಥಿ ಎನ್ನುವುದು ದೊಡ್ಡ ಮಾತು. ನಮ್ಮ ಮನೆಗೆ ಅತಿಥಿ ಬಂದರೆ ಅಡುಗೆಯ ಖರ್ಚು ನಮ್ಮದು. ಮನೆಗೆಲಸದವರ ಕೂಲಿ ಹಿಡಿದು ನೆಂಟರಿಗೆ ಹೋಳಿಗೆ ಬಡಿಸಿದರೆ ಅದನ್ನು ಯಾರೂ ಸತ್ಕಾರ ಎನ್ನುವುದಿಲ್ಲ.

ಇದಕ್ಕೆ ಎದುರಾಗಿ ನಿಂತ ಇನ್ನೊಂದು ಮುಖವೂ ಕನ್ನಡ ನಾಡಿನದೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಸೈನ್ಯದಿಂದ ಬಂದು ವ್ಯವಸಾಯ ಮಾಡಿದವರು. 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಆರ್. ಕೆ. ಲಕ್ಷ್ಮಣರ ‘ಸಾಮಾನ್ಯ ಮನುಷ್ಯ’ನೇ ಅದರ ಗುರುತು. ಕೆಲವು ಟಿಕೆಟ್‌ಗಳನ್ನು ಒಂದು ರೂಪಾಯಿಗೂ ಮಾರಿದರು. ಅವರು ಕೊಟ್ಟ ಮಾತು ಚಿಕ್ಕದು: ನಿಮ್ಮನ್ನು ಊರಿಂದೂರಿಗೆ ಮುಟ್ಟಿಸುತ್ತೇವೆ, ಊಟ ಬೇಕಾದರೆ ಕೊಂಡು ತಿನ್ನಿ. ಹುಟ್ಟಿದ ಮೇಲೆ ವಿಮಾನ ಹತ್ತುತ್ತೇವೆಂದು ಕನಸಿನಲ್ಲೂ ಎಣಿಸದಿದ್ದ ಎಷ್ಟೋ ಜನ ಆಗ ಹತ್ತಿದರು. ಆದರೆ ವಿಮಾನ ತಡವಾಗುವುದು, ಕೊನೆಗಳಿಗೆಯಲ್ಲಿ ರದ್ದಾಗುವುದು ಹೆಚ್ಚಿತು. ಬಸ್ಸಿನ ದುಡ್ಡಿಗೆ ಹತ್ತಿದವರೂ ಅರಮನೆಯ ಉಪಚಾರ ಇಲ್ಲವೆಂದು ಗೊಣಗಿದರು. 2007ರಲ್ಲಿ ಆ ಸಂಸ್ಥೆ ಮಲ್ಯ ಅವರ ಕೈ ಸೇರಿತು, ಮರುವರ್ಷ ಹೆಸರೂ ಬದಲಾಯಿತು.

ಕಡಿಮೆ ಹೇಳಿ ಅಷ್ಟನ್ನೇ ಕೊಡುವುದು ಪ್ರಾಮಾಣಿಕತೆ ಎಂದು ಇಲ್ಲಿ ಯಾರಿಗಾದರೂ ತೋರಬಹುದು. ಅದು ನಿಜ, ಆದರೆ ಅದಕ್ಕೂ ಒಂದು ಮಿತಿಯಿದೆ. ಐರ್ಲೆಂಡಿನ ರಯಾನ್‌ಏರ್ ಸಂಸ್ಥೆಯನ್ನು 1994ರಿಂದ ನಡೆಸುತ್ತಿರುವ ಮೈಕೆಲ್ ಓ’ಲಿಯರಿ ಒರಟು ಮಾತಿಗೇ ಹೆಸರಾದವರು. ವಿಮಾನದ ಶೌಚಾಲಯಕ್ಕೂ ಹಣ ಇಡುವ ಯೋಚನೆಯಿದೆ ಎಂದು 2009ರಲ್ಲಿ ಹೇಳಿ ಸುದ್ದಿ ಮಾಡಿದರು. ಇಡಲಿಲ್ಲ, ಆದರೆ ಪುಕ್ಕಟೆ ಪ್ರಚಾರ ಸಿಕ್ಕಿತು. ಅಗ್ಗದ ಟಿಕೆಟ್ಟು ಬೇಕಾದರೆ ಬೇರೇನೂ ಕೇಳಬೇಡಿ ಎಂಬುದೇ ಅವರ ಧೋರಣೆ. ಕೊನೆಗೆ 2013ರಲ್ಲಿ, ಜನರನ್ನು ಸುಮ್ಮಸುಮ್ಮನೆ ರೇಗಿಸುವುದನ್ನು ಬಿಡಬೇಕೆಂದು ಅವರೇ ಒಪ್ಪಿಕೊಂಡರು. ಬೋರ್ಡಿಂಗ್ ಪಾಸ್ ಮರುಮುದ್ರಣದ ಶುಲ್ಕ 70 ಯೂರೊಗಳಿಂದ 15ಕ್ಕೆ ಇಳಿಯಿತು, ಇನ್ನೊಂದು ಚಿಕ್ಕ ಚೀಲ ಒಯ್ಯಲು ಅನುಮತಿ ಸಿಕ್ಕಿತು. ಟಿಕೆಟ್ ಅಗ್ಗವಾಗಿಯೇ ಉಳಿಯಿತು, ಪ್ರಯಾಣಿಕರೂ ಹೆಚ್ಚಿದರು. ಹಾಗಾದರೆ ಅಷ್ಟು ವರ್ಷದ ಒರಟುತನ ಅಗ್ಗದ ಬೆಲೆಗೆ ಬೇಕೇಬೇಕಾಗಿದ್ದ ಸಂಗತಿಯಲ್ಲ. ಊಟಕ್ಕೆ ಬೆಲೆಯಿದೆ, ಅಗಲವಾದ ಆಸನಕ್ಕೆ ಬೆಲೆಯಿದೆ. ಮನುಷ್ಯನನ್ನು ಮನುಷ್ಯನಂತೆ ಕಾಣುವುದಕ್ಕೆ ಬೇರೆ ಟಿಕೆಟ್ ಕೊಳ್ಳಬೇಕಾಗಿಲ್ಲ.

ಹಾಗಾದರೆ ವಿನಯದ ಮುಖ್ಯಸ್ಥ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆಯೇ? ಜಪಾನ್ ಏರ್‌ಲೈನ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಹರುಕಾ ನಿಶಿಮತ್ಸು ಕಷ್ಟಕಾಲದಲ್ಲಿ ತಮ್ಮ ಸಂಬಳವನ್ನು ಪೈಲಟ್‌ಗಳ ಸಂಬಳಕ್ಕಿಂತ ಕೆಳಗೆ ಇಳಿಸಿಕೊಂಡರು. ಬಸ್ಸಿನಲ್ಲಿ ಕಚೇರಿಗೆ ಬಂದರು, ನೌಕರರ ಕ್ಯಾಂಟೀನಿನಲ್ಲಿ ಸಾಲಿನಲ್ಲಿ ನಿಂತು ಊಟ ಮಾಡಿದರು. ಲೋಕವೆಲ್ಲ ಮೆಚ್ಚಿತು. ಆದರೂ 2010ರ ಜನವರಿಯಲ್ಲಿ ಆ ಸಂಸ್ಥೆ ದಿವಾಳಿಯೆಂದು ನ್ಯಾಯಾಲಯದ ಮೊರೆ ಹೋಗಬೇಕಾಯಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರ ವಿನಯ ಸುಳ್ಳೆಂದು ನಾವು ಹೇಳುತ್ತಿಲ್ಲ, ಅದು ಗೌರವಿಸಬೇಕಾದ ವಿನಯವೇ. ಆದರೆ ವರ್ಷಗಳಿಂದ ಬೆಳೆದ ಸಾಲವನ್ನೂ ಹಳೆಯ ತಪ್ಪು ಲೆಕ್ಕಗಳನ್ನೂ ಒಬ್ಬರ ಒಳ್ಳೆಯತನ ತೀರಿಸಲಾರದು. ನಗುಮುಖವಾಗಲಿ, ಒರಟು ಮುಖವಾಗಲಿ, ಸರಳ ಮುಖವಾಗಲಿ, ಮುಖವನ್ನು ನೋಡಿ ಸಂಸ್ಥೆಯನ್ನು ಅಳೆಯಲು ಬರುವುದಿಲ್ಲ.

ಅಳೆಯುವುದಾದರೆ ಅನಾಹುತ ನಡೆದ ದಿನ ಅಳೆಯಬೇಕು. 2017ರ ಏಪ್ರಿಲ್ 9ರಂದು ಅಮೆರಿಕದ ಷಿಕಾಗೊ ನಿಲ್ದಾಣದಲ್ಲಿ, ಹಣ ಕೊಟ್ಟು ತಮ್ಮ ಆಸನದಲ್ಲಿ ಕುಳಿತಿದ್ದ ಒಬ್ಬ ವಯಸ್ಸಾದ ವೈದ್ಯರನ್ನು ನಿಲ್ದಾಣದ ಭದ್ರತಾ ಸಿಬ್ಬಂದಿ ಎಳೆದು ಹೊರಹಾಕಿದರು. ಸಂಸ್ಥೆಯ ನಾಲ್ವರು ಸಿಬ್ಬಂದಿಗೆ ಜಾಗ ಬೇಕಾಗಿತ್ತು. ವೈದ್ಯರ ಬಾಯಿಂದ ರಕ್ತ ಸುರಿಯುತ್ತಿದ್ದ ವಿಡಿಯೊವನ್ನು ಲೋಕವೆಲ್ಲ ನೋಡಿತು. ಯುನೈಟೆಡ್ ಏರ್‌ಲೈನ್ಸ್‌ನ ಮುಖ್ಯಸ್ಥ ಆಸ್ಕರ್ ಮುನೋಜ್ ಮೊದಲ ದಿನ ಹೊರಡಿಸಿದ ಹೇಳಿಕೆಯಲ್ಲಿ ಪ್ರಯಾಣಿಕರಿಗೆ ‘ಬೇರೆ ವ್ಯವಸ್ಥೆ’ ಮಾಡಬೇಕಾಗಿ ಬಂದದ್ದಕ್ಕೆ ವಿಷಾದವಿತ್ತು. ನೌಕರರಿಗೆ ಬರೆದ ಪತ್ರದಲ್ಲಿ ಆ ಪ್ರಯಾಣಿಕರದೇ ತಪ್ಪೆಂಬ ದನಿಯಿತ್ತು. ಜನ ಸಿಟ್ಟಿಗೆದ್ದ ಮೇಲೆ, ಮರುದಿನ, ಪೂರ್ತಿ ಕ್ಷಮೆ ಬಂತು. ಒಂದು ತಿಂಗಳ ಹಿಂದಷ್ಟೇ ಪ್ರಚಾರ ಕ್ಷೇತ್ರದ ಒಂದು ಪತ್ರಿಕೆ ಅವರನ್ನು ವರ್ಷದ ಶ್ರೇಷ್ಠ ಸಂವಹನಕಾರರೆಂದು ಆರಿಸಿತ್ತು. ಮಾತು ಬಲ್ಲವರಿಗೂ ಆ ದಿನ ಮಾತು ಕೈಕೊಟ್ಟಿತು, ಏಕೆಂದರೆ ಮೊದಲು ಕಾಪಾಡಲು ಹೊರಟದ್ದು ಗಾಯಗೊಂಡವರನ್ನಲ್ಲ, ಸಂಸ್ಥೆಯ ಹೆಸರನ್ನು. ಆ ಬಳಿಕ ನಿಯಮಗಳು ಬದಲಾದವು: ಕುಳಿತವರನ್ನು ಅವರ ಒಪ್ಪಿಗೆಯಿಲ್ಲದೆ ಎಬ್ಬಿಸುವುದಿಲ್ಲ, ತಾವಾಗಿ ಜಾಗ ಬಿಟ್ಟುಕೊಡುವವರಿಗೆ 10,000 ಡಾಲರುಗಳವರೆಗೂ ಪರಿಹಾರ.

ಇದಕ್ಕೆ ಹತ್ತು ವರ್ಷ ಮೊದಲು, 2007ರ ಫೆಬ್ರವರಿ 14ರಂದು, ನ್ಯೂಯಾರ್ಕಿನ ಮಂಜುಗಡ್ಡೆಯ ಬಿರುಗಾಳಿಯಲ್ಲಿ ಜೆಟ್‌ಬ್ಲೂ ಸಂಸ್ಥೆಯ ಪ್ರಯಾಣಿಕರು ನೆಲದ ಮೇಲೆ ನಿಂತ ವಿಮಾನಗಳೊಳಗೆ ಗಂಟೆಗಟ್ಟಲೆ ಸಿಕ್ಕಿಬಿದ್ದಿದ್ದರು. ಅದರ ಸ್ಥಾಪಕ ಡೇವಿಡ್ ನೀಲ್‌ಮನ್ ಹವಾಮಾನದ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ತಪ್ಪು ನಮ್ಮದೆಂದು ಒಪ್ಪಿಕೊಂಡರು. ತಡವಾದರೆ ಎಷ್ಟು ಪರಿಹಾರ ಎಂಬುದನ್ನು ಪ್ರಯಾಣಿಕರ ಹಕ್ಕುಗಳೆಂದು ಬರೆದು ಪ್ರಕಟಿಸಿದರು, ಆ ಬಿರುಗಾಳಿಯಲ್ಲಿ ಸಿಕ್ಕಿಕೊಂಡವರಿಗೂ ಅದನ್ನು ಅನ್ವಯಿಸಿದರು. ಮೇ ತಿಂಗಳಲ್ಲಿ ಅವರ ಹುದ್ದೆ ಹೋಯಿತು. ಕ್ಷಮೆ ಕೇಳಿದವರಿಗೆಲ್ಲ ಬಹುಮಾನ ಸಿಗುವುದಿಲ್ಲ.

ಪಾಪನಿವೇದನೆಗೆ ಹೋಗುವ ನಮಗೆ ಈ ವ್ಯತ್ಯಾಸ ತಿಳಿಯದ್ದಲ್ಲ. ತಪ್ಪನ್ನು ಬಾಯಲ್ಲಿ ಒಪ್ಪಿಕೊಂಡ ಮಾತ್ರಕ್ಕೆ ಮುಗಿಯುವುದಿಲ್ಲ, ಪ್ರಾಯಶ್ಚಿತ್ತವೂ ಇದೆ, ಕದ್ದದ್ದನ್ನು ಹಿಂದಿರುಗಿಸುವುದೂ ಇದೆ. ಹಾಗಾಗಿ ಯಾವ ಮುಖ್ಯಸ್ಥ ಕೈಮುಗಿದು ಟೀವಿಯಲ್ಲಿ ಕಾಣಿಸಿಕೊಂಡರೂ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಕ್ಷಮೆಯ ಖರ್ಚನ್ನು ಯಾರು ಹೊರುತ್ತಿದ್ದಾರೆ?

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ತಿರುಗಬೇಕು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದದ್ದು ನಿಮಗೆ ನೆನಪಿರಬಹುದು. 5ನೆಯ ತಾರೀಕು ಒಂದೇ ದಿನ ಸಾವಿರಕ್ಕೂ ಹೆಚ್ಚು. ಮುಖ್ಯಸ್ಥ ಪೀಟರ್ ಎಲ್ಬರ್ಸ್ ವಿಡಿಯೊದಲ್ಲಿ ಕ್ಷಮೆ ಕೇಳಿದರು. ಕಾರಣ ಏನು? ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಗಳು ನವೆಂಬರಿನಿಂದ ಪೂರ್ತಿ ಜಾರಿಗೆ ಬಂದಿದ್ದವು. ವಾರದ ವಿಶ್ರಾಂತಿ 36 ಗಂಟೆಗಳಿಂದ 48ಕ್ಕೆ ಏರಿತ್ತು, ರಾತ್ರಿಯ ಇಳಿತಗಳು ಆರರಿಂದ ಎರಡಕ್ಕೆ ಇಳಿದಿದ್ದವು. ಅದಕ್ಕೆ ಬೇಕಾದ ಸಿದ್ಧತೆಯನ್ನು ಸಂಸ್ಥೆ ಮಾಡಿಕೊಂಡಿರಲಿಲ್ಲ. ಕೊನೆಗೆ ಸರ್ಕಾರ ಕೆಲವು ನಿಯಮಗಳಿಂದ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಜನ ಸದ್ಯ ಹಾರಾಟ ಶುರುವಾಯಿತಲ್ಲ ಎಂದು ನಿಟ್ಟುಸಿರುಬಿಟ್ಟರು. ಪೈಲಟ್‌ಗಳ ನಿದ್ದೆಯನ್ನು ಹಿಂದಕ್ಕೆ ಪಡೆದು ನಮ್ಮನ್ನು ಸಮಾಧಾನಪಡಿಸಿದ್ದೆಂದು ಎಷ್ಟು ಜನಕ್ಕೆ ಹೊಳೆಯಿತು?

ನಿದ್ದೆ ಸಣ್ಣ ವಿಷಯವಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು, ಎಂಟು ಜನ ಮಾತ್ರ ಉಳಿದರು. ಮಂಗಳೂರು, ಕಾಸರಗೋಡಿನ ಎಷ್ಟೋ ಮನೆಗಳು ಆ ದಿನ ಕತ್ತಲಾದವು. ಕ್ಯಾಪ್ಟನ್ ಹಾರಾಟದ ನಡುವೆ ಬಹಳ ಹೊತ್ತು ನಿದ್ರಿಸಿದ್ದರೆಂದೂ, ಎದ್ದ ಮೇಲಿನ ಮಂಪರು ಅವರ ತೀರ್ಮಾನವನ್ನು ಮಂಕಾಗಿಸಿರಬಹುದೆಂದೂ ತನಿಖಾ ವರದಿ ಹೇಳಿತು. ಟಿಕೆಟ್ ಅಗ್ಗವಿರಬೇಕು, ವಿಮಾನ ನಡುರಾತ್ರಿಯಾದರೂ ಹೊರಡಬೇಕು, ಒಂದು ನಿಮಿಷವೂ ತಡವಾಗಬಾರದು ಎಂದು ನಾವೆಲ್ಲ ಕೇಳುತ್ತೇವೆ. ಅದರ ಭಾರ ಯಾರದೋ ನಿದ್ದೆಯ ಮೇಲೆ ಬೀಳುತ್ತದೆ. ಮುಖ್ಯಸ್ಥರು ನಮಗೆ ಇಷ್ಟವಾದ ಮಾತನ್ನೇ ಆಡುವುದು ನಾವು ಅದನ್ನೇ ಕೇಳಬಯಸುವುದರಿಂದ. ಈ ಪಾಲು ನಮ್ಮದು.

ಹಾಗೆಂದು ಎಲ್ಲವನ್ನೂ ಸಹಿಸಿಕೊಂಡು ಸುಮ್ಮನಿರಿ ಎಂಬುದು ನಮ್ಮ ಅಭಿಪ್ರಾಯವಲ್ಲ. ಹಣ ಕೊಟ್ಟವರಿಗೆ ಹಕ್ಕಿದೆ. ನಮ್ಮ ದೇಶದ ನಿಯಮದ ಪ್ರಕಾರ ವಿಮಾನ ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ನಮಗೆ ಬೇಕಾದ್ದನ್ನು ಕೇಳಬಹುದು. ಆರು ಗಂಟೆಗಿಂತ ಹೆಚ್ಚು ತಡವಾದರೂ ಹಾಗೆಯೇ. ಕಾಯುವಾಗ ಹೊತ್ತಿಗೆ ತಕ್ಕಂತೆ ಊಟ ತಿಂಡಿ ಕೊಡಬೇಕು. ಮುಂಚಿತವಾಗಿ ತಿಳಿಸದೆ ರದ್ದುಮಾಡಿದರೆ, ಸಂಸ್ಥೆಯ ಕೈಮೀರಿದ ಕಾರಣಗಳ ಹೊರತು, ಪ್ರಯಾಣದ ಅವಧಿಗೆ ತಕ್ಕಂತೆ 5,000ದಿಂದ 10,000 ರೂಪಾಯಿಗಳವರೆಗೆ ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು ಪರಿಹಾರ. ಸಂಸ್ಥೆ ಸರಿಯಾಗಿ ಉತ್ತರಿಸದಿದ್ದರೆ ಕೇಂದ್ರ ಸರ್ಕಾರದ ‘ಏರ್‌ಸೇವಾ’ದಲ್ಲಿ ದೂರು ಬರೆಯಬಹುದು. ಆ ದಿನ ನಮ್ಮಲ್ಲಿ ಒಬ್ಬರಿಗೂ ಇದು ತಿಳಿದಿರಲಿಲ್ಲ. ಹಕ್ಕು ತಿಳಿಯದೆ ಬರೀ ಕೂಗಾಡಿದೆವು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಬಲವಾದದ್ದೇ. “ಮುಖ್ಯಸ್ಥ ಕೌಂಟರಿನಲ್ಲಿ ಸಿಗುವುದಿಲ್ಲ. ಸಿಗುವವಳು ಆ ಹುಡುಗಿ. ಅವಳ ಮುಂದೆ ಕೂಗದಿದ್ದರೆ ಯಾರ ಮುಂದೆ ಕೂಗುವುದು? ಕೂಗಿದವರಿಗೇ ತಾನೆ ಸಂಜೆಯ ವಿಮಾನದಲ್ಲಿ ಜಾಗ ಸಿಕ್ಕಿದ್ದು?” ನಿಜ. ಆದರೆ ಆ ಮಾತನ್ನು ಪೂರ್ತಿ ನೆನಪಿಸಿಕೊಂಡರೆ ನಮಗೆ ಸಮಾಧಾನವಾಗುವುದಿಲ್ಲ. ನಮ್ಮ ಹಿಂದೆ ಸಾಲಿನಲ್ಲಿ ಒಬ್ಬ ಮುದುಕರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಅವರಿಗೆ ಎಲ್ಲಿಗೆ ಹೋಗಬೇಕಿತ್ತೋ, ಯಾರ ಸಾವಿಗೋ, ಯಾರ ಆಪರೇಷನ್ನಿಗೋ, ನಾವು ಕೇಳಲಿಲ್ಲ. ಸಂಜೆಯ ವಿಮಾನದಲ್ಲಿ ನಾವಿದ್ದೆವು, ಅವರು ಕಾಣಲಿಲ್ಲ. ಕೂಗಿದವರಿಗೆ ಸಿಕ್ಕಿದ ಜಾಗ ಆಕಾಶದಿಂದ ಇಳಿದು ಬಂದದ್ದಲ್ಲ, ಕೂಗಲಾರದವರ ಪಾಲಿನಿಂದ ಬಂದದ್ದು. ನಮ್ಮ ಕೂಗು ಮುಖ್ಯಸ್ಥರ ಕಿವಿಗಂತೂ ಮುಟ್ಟಲಿಲ್ಲ. ಆ ಹುಡುಗಿಯನ್ನು ಒಬ್ಬಳೇ ನಿಲ್ಲಿಸಿದ್ದೇ ನಮ್ಮ ಸಿಟ್ಟೆಲ್ಲ ಅಲ್ಲಿಗೇ ಮುಗಿಯಲಿ ಎಂದಿರಬಹುದು. ಅದು ಅಲ್ಲಿಗೇ ಮುಗಿಯಿತು ಕೂಡ. ಮನೆಗೆ ಬಂದ ಮೇಲೆ ಒಬ್ಬರೂ ಒಂದು ಸಾಲು ದೂರು ಬರೆಯಲಿಲ್ಲ.

ಬರೆದ ದೂರು ಮೇಲಕ್ಕೆ ಹೋಗುತ್ತದೆ, ಬೈಗುಳ ಕೆಳಗೇ ಉಳಿಯುತ್ತದೆ. ನಾವು ಕಲಿಯಬೇಕಾದ್ದು ಇಷ್ಟೇ ಇರಬಹುದು: ತೀರ್ಮಾನ ಮಾಡಿದವರನ್ನು ಬಿಡದೆ ಕೇಳುವುದು, ತೀರ್ಮಾನ ಮಾಡುವ ಅಧಿಕಾರವಿಲ್ಲದವರನ್ನು ನೋಯಿಸದಿರುವುದು. ಇದು ವಿಮಾನಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಕಡೆಯ ತೋಟಗಳಿಂದ ಗುಲಾಬಿ ಹೂವಿನ ಪೆಟ್ಟಿಗೆಗಳು ಬೆಂಗಳೂರಿಗೆ ಹೋಗುತ್ತವೆ. ಮಾರುಕಟ್ಟೆಗೆ ತಡವಾದರೆ ಬೈಸಿಕೊಳ್ಳುವವನು ಟೆಂಪೊ ಡ್ರೈವರ್, ಹೂ ಬಾಡಿದರೆ ಬೈಸಿಕೊಳ್ಳುವವಳು ಕೊಯ್ದ ಹೆಂಗಸು. ತಡವಾಗಿ ಕೊಯ್ಯಲು ಹೇಳಿದ ಯಜಮಾನರು ನಮ್ಮೊಳಗೂ ಇದ್ದಾರೆ.

ನಮ್ಮ ಆ ಹುಡುಗಿಯನ್ನು ಮತ್ತೊಮ್ಮೆ ಕೇಳಿದೆವು: ಅಂಥ ದಿನ ನಿಮಗೆ ಏನು ಸಹಾಯವಾಗುತ್ತದೆ? ಅವಳು ಯೋಚಿಸಿ ಹೇಳಿದಳು: “ಏನೂ ಬೇಡ ದೊಡ್ಡಮ್ಮಾ. ಹೆಸರು ಹಿಡಿದು ಕರೆದು ಕೇಳಿದ್ರೆ ಸಾಕು. ಹೆಸರು ಕರೆದವರು ಅಷ್ಟು ಬೈಯಲ್ಲ.” ಮುಂದಿನ ಸಲ ಯಾವ ಕೌಂಟರಿನ ಮುಂದೆ ನಿಂತರೂ, ಅದು ಬ್ಯಾಂಕಾಗಲಿ, ಆಸ್ಪತ್ರೆಯಾಗಲಿ, ತಾಲ್ಲೂಕು ಕಚೇರಿಯಾಗಲಿ, ಮೊದಲು ಬ್ಯಾಡ್ಜ್ ಓದೋಣ. ಆಮೇಲೆ ನಮ್ಮ ಹಕ್ಕನ್ನು ಕೇಳೋಣ, ಪೂರ್ತಿಯಾಗಿಯೇ ಕೇಳೋಣ. ಮನೆಗೆ ಬಂದು ದೂರನ್ನೂ ಬರೆಯೋಣ, ಸಹಿ ಹಾಕಿ, ಮುಖ್ಯಸ್ಥರ ಹೆಸರಿಗೆ.